ಹಳೇ ಕುಂಡದ ಮಣ್ಣು: ಎಸೀಬೇಡಿ, ವಿಚಾರಿಸಿ!

ಅಂಗಳದ ಹಸಿರು

ಸೋದರಿಯರೇ,

ಶಿವರಾತ್ರಿ ಕಳೆಯಿತು, ಚಳಿ ‘ಶಿವ ಶಿವಾ’ ಎನ್ನುತ್ತಾ ಹೊರಟೇಹೋಯಿತು. ಇನ್ನು ಯುಗಾದಿಯ ಕೆಲಸ. ಧೂಳು ಹೊಡೆದು, ಅಟ್ಟದ ಪಾತ್ರೆ ಇಳಿಸಿ ತೊಳೆಯುವ ಈ ಹೊತ್ತಿನಲ್ಲಿ ಹಿತ್ತಲಿನ ಕಡೆಗೂ ಒಮ್ಮೆ ಕಣ್ಣು ಹೋಗುತ್ತದೆ. ಅಲ್ಲಿ ಏನಿರುತ್ತದೆ ಹೇಳಿ? ಕಾಯಿ ಬಿಟ್ಟು ಬಿಟ್ಟು ದಣಿದ ಟೊಮೇಟೋ ಗಿಡ, ಹೂ ಮುಗಿದ ಸೇವಂತಿಗೆ, ಬೀಜಕ್ಕೆ ಬಂದ ಕೊತ್ತಂಬರಿ. ಗಿಡವನ್ನು ಕಿತ್ತು ಹಾಕುವುದು ಸುಲಭ. ಆದರೆ ಕುಂಡದ ತುಂಬ ಗಟ್ಟಿಯಾಗಿ ಕೂತಿರುವ ಆ ಹಳೇ ಮಣ್ಣನ್ನು ಏನು ಮಾಡುವುದು?

ಇದೇ ಪ್ರಶ್ನೆ ಹೊತ್ತ ಒಂದು ಕಾಗದ ಹಾಸನ ಜಿಲ್ಲೆಯಿಂದ ಬಂದಿದೆ. ಬರೆದ ಸೋದರಿ ಹೆಸರು ಹಾಕಬೇಡಿ ಎಂದಿದ್ದಾರೆ. ಅವರ ಮಾತಿನಲ್ಲೇ ಕೇಳಿ:

“ಅಕ್ಕಾ, ನಮ್ಮ ತಾರಸಿ ಮೇಲೆ ಹದಿನಾಲ್ಕು ಕುಂಡ ಇವೆ. ಮೂರು ವರ್ಷದಿಂದ ಸೊಪ್ಪು, ಟೊಮೇಟೋ, ಮೆಣಸಿನಕಾಯಿ ಮನೇದೇ ಆಗ್ತಿತ್ತು. ಈ ಸಲ ಏನು ಹಾಕಿದರೂ ಏಳ್ತಾ ಇಲ್ಲ. ಹಳೇ ಮಣ್ಣು ಎಸೆದು ಚೀಲದ ಮಣ್ಣು ಕೊಂಡ್ಕೊಳ್ಳಿ ಅಂತ ಗಿಡ ಮಾರೋರು ಹೇಳಿದರು. ನಮ್ಮ ಯಜಮಾನರ ಕೆಲಸ ಹೋಗಿ ಐದು ತಿಂಗಳಾಯ್ತು. ಮಣ್ಣು ಕೊಳ್ಳೋಕೆ ದುಡ್ಡು ಕೊಡಿ ಅಂತ ಯಾವ ಬಾಯಲ್ಲಿ ಕೇಳಲಿ? ಕುಂಡಗಳನ್ನೇ ಮಾರಿಬಿಡೋಣ ಅಂತ ಯೋಚನೆ ಮಾಡ್ತಿದ್ದೀನಿ.”

ಬೇಡಮ್ಮ, ಮಾರಬೇಡಿ. ಕೈ ಬಿಗಿಯಾದಾಗಲೇ ಆ ಹದಿನಾಲ್ಕು ಕುಂಡ ನಿಮಗೆ ಬೇಕಾಗುವುದು. ನಿಮ್ಮ ಮಣ್ಣಿನಲ್ಲಿ ಬಹುಪಾಲು ಇನ್ನೂ ಉಪಯೋಗಕ್ಕೆ ಬರುತ್ತದೆ. ಆದರೆ ಎಲ್ಲಾ ಹಳೇ ಮಣ್ಣೂ ಒಂದೇ ಅಲ್ಲ. ಕೆಲವು ಬರೀ ಹಸಿದಿರುತ್ತದೆ, ಕೆಲವಕ್ಕೆ ಕಾಯಿಲೆ ಇರುತ್ತದೆ. ಹಸಿದವರಿಗೆ ಊಟ ಹಾಕಬೇಕು, ಕಾಯಿಲೆಯವರಿಗೆ ಮದ್ದು ಮಾಡಬೇಕು. ಎರಡನ್ನೂ ಒಂದೇ ಎಂದುಕೊಂಡರೆ ಏನಾಗುತ್ತದೆ ಎಂಬುದು ನನಗೆ ಸ್ವಂತ ಅನುಭವದಿಂದ ಗೊತ್ತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಅತ್ತೆಯವರ ಮಲ್ಲಿಗೆ

ನಮ್ಮ ಮನೆ ಮುಂದೆ ಸಿಮೆಂಟಿನ ಕುಂಡದಲ್ಲಿ ಒಂದು ದುಂಡುಮಲ್ಲಿಗೆ ಇತ್ತು. ಅತ್ತೆಯವರು ತಮ್ಮ ತವರಿನಿಂದ ಕಡ್ಡಿ ತಂದು ಹಾಕಿದ್ದು. ಚೈತ್ರ ಬಂತೆಂದರೆ ಸಂಜೆ ನಾಲ್ಕಕ್ಕೆ ಮೊರ ಹಿಡಿದು ಹೋಗಿ ಮೊಗ್ಗು ಬಿಡಿಸುವರು. ಬಾಳೆನಾರು ನೆನೆಸಿ ಕಟ್ಟುವರು. ದೇವರಿಗೆ ಒಂದು ಮೊಳ, ನನಗೊಂದು ಗೇಣು, ಪಕ್ಕದ ಮನೆ ಹುಡುಗಿಗೊಂದು ಗೇಣು.

ಒಂದು ವರ್ಷ ನನ್ನ ಟೊಮೇಟೋ ಗಿಡಗಳು ಕಾಯಿ ಬಿಡದೆ ಕುಗ್ಗಿ ಹೋದವು. ಕಿತ್ತು ನೋಡಿದರೆ ಬೇರಿನ ತುಂಬ ಗಂಟು ಗಂಟು. ಹುರುಳಿ, ಅವರೆ ಬೇರಿನಲ್ಲಿ ಗಂಟು ಇರುತ್ತದೆ, ಅದು ಮಣ್ಣಿಗೆ ಒಳ್ಳೆಯದು ಎಂದು ಎಲ್ಲೋ ಓದಿದ್ದೆ. ‘ಓಹೋ, ಒಳ್ಳೇ ಮಣ್ಣು’ ಎಂದು ಹಿಗ್ಗಿ, ಆ ಮಣ್ಣನ್ನೆಲ್ಲಾ ಮಲ್ಲಿಗೆಯ ಬುಡಕ್ಕೆ ಏರಿಸಿದೆ. ಜೊತೆಗೆ ಒಂದು ಬಾಂಡಲಿ ಗೊಬ್ಬರವನ್ನೂ ಹಾಕಿದೆ.

ಮಾರನೇ ವರ್ಷ ಎಲೆ ಹಳದಿಯಾಯಿತು. ಮೊಗ್ಗು ಸಣ್ಣದಾಯಿತು. ಹಸಿವಿರಬೇಕು ಎಂದು ಇನ್ನಷ್ಟು ಗೊಬ್ಬರ ಹಾಕಿದೆ. ಮಧ್ಯಾಹ್ನ ಬಾಡುವುದು, ಸಂಜೆ ಏಳುವುದು, ಹೀಗೇ ನಡೆಯಿತು. ಕಡೆಗೆ ಒಂದು ದಿನ ಬುಡ ಬಿಡಿಸಿ ನೋಡಿದೆ. ಟೊಮೇಟೋ ಬೇರಿನಲ್ಲಿ ಕಂಡಿದ್ದ ಅದೇ ಗಂಟು ಮಲ್ಲಿಗೆಯ ಬೇರಿಗೂ ಹಬ್ಬಿತ್ತು. ನನ್ನ ಕೈಯಾರೆ ಹಾಕಿದ ರೋಗ.

ಅತ್ತೆಯವರ ಎದುರು ಹೋಗಿ ನಿಂತು, “ತಪ್ಪು ನಂದು ಅತ್ತೆ, ನಾನು ಹಾಕಿದ ಮಣ್ಣಿನಿಂದ ಹೀಗಾಯ್ತು” ಎಂದೆ. ಅವರು ಬಯ್ಯಲಿಲ್ಲ. ಗಿಡದ ಹತ್ತಿರ ಹೋಗಿ ಬಹಳ ಹೊತ್ತು ನೋಡಿದರು. ಆಮೇಲೆ, “ಕತ್ತರಿ ತಗೊಂಡು ಬಾ. ಮೇಲಿನ ಕಡ್ಡಿ ಇನ್ನೂ ಹಸಿ ಇದೆ” ಎಂದರು. ಆರು ಕಡ್ಡಿ ಕತ್ತರಿಸಿಕೊಟ್ಟರು. “ಈ ಸಲ ಯಾವ ಮಣ್ಣು ಹಾಕ್ತೀಯ?” ಎಂದು ಒಂದೇ ಒಂದು ಮಾತು ಕೇಳಿದರು.

ಆರರಲ್ಲಿ ಒಂದು ಚಿಗುರಿತು. ಆ ಜಂತು ಬೇರಿನಲ್ಲಿ ಇರುತ್ತದೆಯೇ ಹೊರತು ಕಡ್ಡಿಗೆ ಹತ್ತುವುದಿಲ್ಲ, ಅದಕ್ಕೇ ಬದುಕಿತು. ಅದು ತುಂಬಿ ಹೂ ಬಿಡುವ ಹೊತ್ತಿಗೆ ಅತ್ತೆಯವರ ಕಣ್ಣು ಮಂಜಾಗಿತ್ತು. ಮೊಗ್ಗನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ಎಣಿಸುತ್ತಿದ್ದರು. ಈಗ ಅವರಿಲ್ಲ, ಗಿಡ ಇದೆ. ಇವತ್ತಿಗೂ ಯಾವ ಕುಂಡದ ಮಣ್ಣು ಮುಟ್ಟಿದರೂ ಅವರ ಆ ಪ್ರಶ್ನೆ ಕಿವಿಯಲ್ಲಿ ಕೇಳಿಸುತ್ತದೆ. ನೀವೂ ಅದನ್ನೇ ಕೇಳಿಕೊಳ್ಳಿ ಎಂದು ಇಷ್ಟು ಹೇಳಿದೆ.

ಮಣ್ಣು ಸೋಲುವುದು ಯಾಕೆ?

ನೆಲದಲ್ಲಿರುವ ಗಿಡದ ಬೇರು ಹಸಿವಾದರೆ ನಾಲ್ಕು ಅಡಿ ಆಚೆ ಹೋಗಿ ಹುಡುಕಿಕೊಳ್ಳುತ್ತದೆ. ಕುಂಡದ ಗಿಡಕ್ಕೆ ನೀವು ಬಡಿಸಿದ್ದೇ ಊಟ. ವರ್ಷ ತುಂಬುವ ಹೊತ್ತಿಗೆ ಮೂರು ಸಂಗತಿ ನಡೆದಿರುತ್ತದೆ.

ಒಂದು, ಸತ್ವ ಹೋಗಿರುತ್ತದೆ. ಗಿಡ ತಿಂದದ್ದು ಸ್ವಲ್ಪ, ದಿನಾ ನೀರು ಹಾಕಿದಾಗ ತೂತಿನಿಂದ ಹರಿದುಹೋದದ್ದು ಸ್ವಲ್ಪ. ಸಾರಜನಕ ಹೀಗೆ ಬೇಗ ತೊಳೆದು ಹೋಗುತ್ತದೆ, ಪೊಟ್ಯಾಷೂ ಸ್ವಲ್ಪ ಸ್ವಲ್ಪ ಹೋಗುತ್ತದೆ. ರಂಜಕ ಮಾತ್ರ ಮಣ್ಣಿಗೆ ಅಂಟಿಕೊಂಡಿರುತ್ತದೆ.

ಎರಡು, ಮಣ್ಣು ಕುಗ್ಗಿರುತ್ತದೆ. ತುಂಬಿಸುವಾಗ ಕುಂಡದ ಕಂಠದವರೆಗೆ ಇದ್ದದ್ದು ಈಗ ಮೂರು ಬೆರಳು ಕೆಳಗೆ ಇಳಿದಿರುತ್ತದೆ. ಯಾರೂ ಕದ್ದಿಲ್ಲ! ಅದರಲ್ಲಿದ್ದ ಗೊಬ್ಬರ ಪೂರ್ತಿ ಕೊಳೆತು ಕರಗಿದೆ. ಉಳಿದ ಮಣ್ಣಿನ ಕಣ ಒತ್ತೊತ್ತಾಗಿ ಕೂತು ಗಾಳಿಗೆ ಜಾಗವಿಲ್ಲ. ಬೇರಿಗೂ ಉಸಿರು ಬೇಕು ನೋಡಿ.

ಮೂರು, ಉಪ್ಪು ಸೇರಿರುತ್ತದೆ. ಬೋರ್‌ವೆಲ್ ಗಡಸು ನೀರು ಹಾಕುವವರ ಕುಂಡದ ಅಂಚಿನಲ್ಲಿ, ಮಣ್ಣಿನ ಮೇಲೆ ಬಿಳೀ ಪುಡಿ ಕಟ್ಟಿರುತ್ತದೆಯಲ್ಲ, ಅದೇ. ನಿಮ್ಮ ಮನೆಯ ಬಿಸಿನೀರಿನ ಹಂಡೆಯೊಳಗೆ ಕಟ್ಟುವುದೂ ಅದರ ನಂಟೇ.

ಈ ಮೂರೂ ಹಸಿವಿನ, ದಣಿವಿನ ಲಕ್ಷಣ. ಕಾಯಿಲೆಯಲ್ಲ. ಇದಕ್ಕೆಲ್ಲ ಮನೆಯಲ್ಲೇ ಪರಿಹಾರ ಇದೆ.

ಮೊದಲು ಬೇರು ನೋಡಿ

ಒಣಗಿದ ಗಿಡವನ್ನು ಎಳೆದು ಎಸೆಯುವ ಮುಂಚೆ ಬೇರನ್ನು ಬಕೆಟ್ ನೀರಿನಲ್ಲಿ ಅದ್ದಿ ತೊಳೆಯಿರಿ. ಬೆಳಕಿಗೆ ಹಿಡಿದು ನೋಡಿ.

ಬೇರು ಕೆನೆ ಬಣ್ಣಕ್ಕಿದ್ದು, ಎಳೆ ಎಳೆಯಾಗಿದ್ದರೆ ಮಣ್ಣು ಒಳ್ಳೆಯದು. ಗಿಡ ವಯಸ್ಸಾಗಿ ಹೋಗಿದೆ, ಅಷ್ಟೇ.

ಬೇರಿನಲ್ಲಿ ಗಂಟು ಇದ್ದರೆ ನಿಲ್ಲಿ. ನಾನು ಮಾಡಿದ ತಪ್ಪು ಮಾಡಬೇಡಿ. ಹುರುಳಿ, ಅವರೆ, ಅಲಸಂದೆಯ ಒಳ್ಳೆಯ ಗಂಟು ಬೇರಿನ ಪಕ್ಕಕ್ಕೆ ಮಣಿಯ ಹಾಗೆ ಅಂಟಿಕೊಂಡಿರುತ್ತದೆ. ಉಗುರಿನಿಂದ ತಟ್ಟಿದರೆ ಉದುರುತ್ತದೆ. ಒಡೆದರೆ ಒಳಗೆ ನಸುಗೆಂಪು. ರೋಗದ ಗಂಟು ಹಾಗಲ್ಲ. ಬೇರೇ ಊದಿಕೊಂಡಿರುತ್ತದೆ, ಹಸಿ ಶುಂಠಿಯ ಹಾಗೆ ಅಡ್ಡಾದಿಡ್ಡಿ. ಬಿಡಿಸಲು ಬರುವುದಿಲ್ಲ. ಅದು ಕಣ್ಣಿಗೆ ಕಾಣದ ಜಂತುಹುಳುವಿನ ಕೆಲಸ. ಬೇರುಗಂಟು ರೋಗ ಎನ್ನುತ್ತಾರೆ. ಟೊಮೇಟೋ, ಬದನೆ, ಬೆಂಡೆ, ಸೌತೆ ಎಲ್ಲಕ್ಕೂ ಬರುತ್ತದೆ. ಟೊಮೇಟೋ, ಬದನೆ ಬೇರಿನಲ್ಲಿ ‘ಒಳ್ಳೆಯ ಗಂಟು’ ಅನ್ನುವುದೇ ಇಲ್ಲ, ಇದನ್ನು ನೆನಪಿಡಿ.

ಇನ್ನೊಂದು, ಎಲೆ ಇನ್ನೂ ಹಸಿರಾಗಿರುವಾಗಲೇ ಟೊಮೇಟೋ ಅಥವಾ ಬದನೆ ಗಿಡ ಎರಡು ಮೂರು ದಿನದಲ್ಲಿ ಜೋತು ಬಿತ್ತೇ? ನೀರಿದ್ದರೂ ಏಳಲಿಲ್ಲವೇ? ಹಾಗಿದ್ದರೆ ಬುಡದ ಹತ್ತಿರ ಎರಡು ಮೂರು ಅಂಗುಲ ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿ ನೀರಿನಲ್ಲಿ ಅದರ ತುದಿ ಮುಳುಗುವಂತೆ ಅಲುಗಾಡಿಸದೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನ ಎಳೆಯಂತೆ ಬೆಳ್ಳಗೆ ಇಳಿದು ಬಂದರೆ ಅದು ದುಂಡಾಣು ಸೊರಗು ರೋಗ. ಆ ಕೀಟಾಣು ಮಣ್ಣಿನಲ್ಲಿ ಬಹಳ ಕಾಲ ಉಳಿಯುತ್ತದೆ. ನೋಡಿದ ಮೇಲೆ ಲೋಟ, ಚಾಕು, ಕೈ ಎಲ್ಲವನ್ನೂ ಸೋಪು ಹಾಕಿ ತೊಳೆಯಿರಿ. ಆ ನೀರನ್ನು ಗಿಡಕ್ಕೆ ಚೆಲ್ಲಬೇಡಿ, ಬಚ್ಚಲಿಗೆ ಹಾಕಿ.

ಬೇರಿಗೆ ಹತ್ತಿಯಂಥ ಬಿಳೀ ಅಂಟು, ಜೊತೆಗೆ ಇರುವೆ ಸಾಲು ಕಂಡರೆ ಅದು ಹಿಟ್ಟು ತಿಗಣೆ. ಇಂಗ್ಲಿಷಿನ ‘ಸಿ’ ಅಕ್ಷರದ ಹಾಗೆ ಸುತ್ತಿಕೊಂಡ ದಪ್ಪ ಬಿಳೀ ಹುಳು ಕಂಡರೆ ಅದು ಗೊಣ್ಣೆಹುಳು, ಬೇರು ತಿನ್ನುತ್ತದೆ. ಆರಿಸಿ ಅಂಗಳಕ್ಕೆ ಹಾಕಿ, ಮೈನಾ ಹಕ್ಕಿಗೆ ಹಬ್ಬ.

ಇಷ್ಟೆಲ್ಲಾ ಕೇಳಿ ಹೆದರಬೇಡಿ. ಮೆಣಸಿನ ಗಿಡದ ಎಲೆ ಮುಟುರು ರೋಗ, ಬೆಂಡೆಯ ಹಳದಿ ನರದ ರೋಗ, ಸೌತೆಯ ಎಲೆ ಮೇಲಿನ ಬೂದಿ ರೋಗ ಮಣ್ಣಿನಿಂದ ಬರುವುದಲ್ಲ. ಹುಳದಿಂದಲೋ ಗಾಳಿಯಿಂದಲೋ ಬರುತ್ತವೆ. ಆ ಗಿಡಗಳ ಕಡ್ಡಿ, ಎಲೆಯನ್ನು ಪೂರ್ತಿ ಆರಿಸಿ ತೆಗೆದರೆ ಮಣ್ಣನ್ನು ಧೈರ್ಯವಾಗಿ ಮತ್ತೆ ಬಳಸಬಹುದು.

ಒಳ್ಳೆಯ ಹಳೇ ಮಣ್ಣಿಗೆ ಮರುಜೀವ

ಒಂದು ಬೆಳಿಗ್ಗೆ ಅಡಿಗೆ ಬೇಗ ಮುಗಿಸಿಕೊಳ್ಳಿ. ಹಳೇ ಸೀರೆ, ಹಳೇ ಗೋಣಿತಾಟು, ಒಂದು ಕೋಲು, ಇಟ್ಟಿಗೆ ಕೆಲಸದವರ ಜರಡಿ ಸಿಕ್ಕರೆ ಒಂದು. ಇಷ್ಟೇ ಸಾಮಾನು.

ಕುಂಡದ ಮಣ್ಣನ್ನು ತಾಟಿನ ಮೇಲೆ ಸುರಿದು ಹೆಂಟೆ ಒಡೆಯಿರಿ. ದಪ್ಪ ಬೇರು, ಕಲ್ಲು, ಹುಳು ಆರಿಸಿ. ಕೂದಲಿನಂಥ ಸಣ್ಣ ಬೇರು ಇರಲಿ ಬಿಡಿ, ಅದೇ ಗೊಬ್ಬರವಾಗುತ್ತದೆ. ಎರಡು ದಿನ ತೆಳ್ಳಗೆ ಹರಡಿ ಬಿಸಿಲಿಗೆ ಬಿಡಿ.

ಬಿಳೀ ಉಪ್ಪು ಕಟ್ಟಿದ್ದರೆ ಮೇಲಿನ ಒಂದು ಅಂಗುಲ ಕೆರೆದು ತೆಗೆದುಬಿಡಿ. ಉಳಿದದ್ದನ್ನು ತೂತಿರುವ ಕುಂಡಕ್ಕೇ ಹಾಕಿ, ಕುಂಡ ಹಿಡಿಸುವಷ್ಟರ ಎರಡರಷ್ಟು ನೀರನ್ನು ನಿಧಾನವಾಗಿ ಹುಯ್ದು ಹರಿದುಹೋಗಲು ಬಿಡಿ. ಮಳೆ ನೀರು ಹಿಡಿದಿಟ್ಟಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಬೋರ್‌ವೆಲ್ ನೀರಿನಿಂದಲೇ ತೊಳೆದರೆ ಉಪ್ಪನ್ನು ಉಪ್ಪಿನಲ್ಲಿ ತೊಳೆದ ಹಾಗೆ. ಅಂಥವರು ಮುಂಗಾರಿನ ನಾಲ್ಕು ದೊಡ್ಡ ಮಳೆಗೆ ಕುಂಡ ಒಡ್ಡಿ, ಆಮೇಲೆ ಮುಂದಿನ ಕೆಲಸ ಮಾಡಿ.

ಈಗ ಹದ. ಅಡಿಗೆಯ ಅಳತೆಯಂತೆಯೇ ಹೇಳುತ್ತೇನೆ:

ಹಳೇ ಮಣ್ಣು – 6 ಬಾಂಡಲಿ
ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಮನೆಯ ಕಾಂಪೋಸ್ಟ್ – 2 ಬಾಂಡಲಿ
ತೊಳೆದ ತೆಂಗಿನ ನಾರಿನ ಪುಡಿ ಅಥವಾ ಸುಟ್ಟ ಭತ್ತದ ಹೊಟ್ಟು – 1 ಬಾಂಡಲಿ
ಬೇವಿನ ಹಿಂಡಿ – 10 ಅಂಗುಲದ ಪ್ರತಿ ಕುಂಡಕ್ಕೆ ಒಂದು ಹಿಡಿ (ಸುಮಾರು 50 ಗ್ರಾಂ)

ಬೇವಿನ ಹಿಂಡಿ ಸಿಗದಿದ್ದರೆ ಹೊಂಗೆ ಹಿಂಡಿ. ಎರೆಗೊಬ್ಬರ ಇದ್ದರೆ ಕೊಟ್ಟಿಗೆ ಗೊಬ್ಬರದ ಅರ್ಧದಷ್ಟು ಸಾಕು. ಕುರಿಗೊಬ್ಬರ ಖಾರ, ಹಳೆಯದಾಗಿರಬೇಕು, ಅರ್ಧ ಬಾಂಡಲಿಗಿಂತ ಹೆಚ್ಚು ಬೇಡ. ನಾರಿನ ಪುಡಿ ಸಿಗದಿದ್ದರೆ ಚಿಂತೆಯಿಲ್ಲ, ಒಣ ತರಗೆಲೆಯನ್ನು ಕೈಯಲ್ಲಿ ಪುಡಿ ಮಾಡಿ ಸೇರಿಸಿ. ಉತ್ತರದ ಜಿಲ್ಲೆಗಳ ಎರೆಮಣ್ಣಿನವರು ಒಂದು ಬಾಂಡಲಿ ದಪ್ಪ ಮರಳನ್ನೂ ಸೇರಿಸಿಕೊಳ್ಳಿ. ಇಲ್ಲವಾದರೆ ಒಣಗಿದಾಗ ಬಿರುಕು ಬಿಟ್ಟು ನೀರೆಲ್ಲ ಅಂಚಿನಿಂದ ಇಳಿದುಹೋಗುತ್ತದೆ.

ಎಲ್ಲವನ್ನೂ ಕಲಸಿ, ನೀರು ಚಿಮುಕಿಸಿ. ಮುಷ್ಟಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು, ನೀರು ಜಿನುಗಬಾರದು. ರವೆ ಉಂಡೆಯ ಹದ ಎಂದುಕೊಳ್ಳಿ. ಗೋಣಿಚೀಲ ಮುಚ್ಚಿ ನೆರಳಿನಲ್ಲಿ 15 ದಿನ ಬಿಡಿ. ನಡುವೆ ಎರಡು ಸಲ ಮಗುಚಿ. ಹಿಂಡಿ ಹಸಿಯಾಗಿ ಕೊಳೆಯುವಾಗ ಬಿಸಿ ಬಿಡುತ್ತದೆ, ವಾಸನೆಯೂ ಬರುತ್ತದೆ. ಅದು ತಣ್ಣಗಾಗದೆ ಗಿಡ ನೆಟ್ಟರೆ ಬೇರು ಸುಡುತ್ತದೆ. ದೋಸೆ ಹಿಟ್ಟಿಗೂ ಒಂದು ರಾತ್ರಿ ಬೇಕಲ್ಲವೇ? ಇದಕ್ಕೆ ಹದಿನೈದು ರಾತ್ರಿ.

ನಂಬಿಕೆ ಬರದಿದ್ದರೆ ಒಂದು ಪರೀಕ್ಷೆ. ತೂತು ಮಾಡಿದ ಹಳೇ ಲೋಟಕ್ಕೆ ಈ ಮಣ್ಣು ತುಂಬಿ ಹತ್ತು ಹೆಸರುಕಾಳು ಹಾಕಿ. ಒಂದು ವಾರದಲ್ಲಿ ಎಂಟು ಒಂಬತ್ತು ನೆಟ್ಟಗೆ ಹಸಿರಾಗಿ ಎದ್ದರೆ ಮಣ್ಣು ಸಿದ್ಧ. ಮುರುಟಿ ಹಳದಿಯಾದರೆ ಇನ್ನೂ ಹದಿನೈದು ದಿನ ಕಾಯಿರಿ.

ಬೀಜದಿಂದ ಸಸಿ ಎಬ್ಬಿಸುವ ತಟ್ಟೆಗೆ ಮಾತ್ರ ಹಳೇ ಮಣ್ಣು ಹಾಗೇ ಬೇಡ. ಎಳೇ ಸಸಿಯ ಬುಡ ಕೊಳೆತು ಮಲಗಿಬಿಡುತ್ತದೆ. ಬೇಕೇ ಬೇಕೆಂದರೆ ಅಷ್ಟು ಸ್ವಲ್ಪ ಮಣ್ಣಿಗೆ ಕುದಿಯುವ ನೀರು ಹುಯ್ದು, ಪೂರ್ತಿ ಆರಿಸಿಕೊಂಡು ಬಳಸಿ.

ಕಾಯಿಲೆಯ ಮಣ್ಣಿಗೆ ಬಿಸಿಲ ಸ್ನಾನ

ಬೇರುಗಂಟು ಕಂಡ ಮಣ್ಣಿಗೆ ನಮ್ಮ ಕಡೆಯ ಬೇಸಿಗೆಯೇ ವೈದ್ಯ. 1976ರಲ್ಲಿ ಇಸ್ರೇಲ್ ದೇಶದ ಕಟಾನ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು ಒಂದು ಕ್ರಮವನ್ನು ಬರೆದು ಪ್ರಕಟಿಸಿದರು. ಒದ್ದೆ ಮಣ್ಣಿನ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಬೇಸಿಗೆಯ ಬಿಸಿಲಿನಲ್ಲೇ ಮಣ್ಣಿನ ರೋಗ ಕೊಲ್ಲುವುದು. ಔಷಧಿ ಇಲ್ಲ, ಖರ್ಚಿಲ್ಲ. ಮಾರ್ಚ್‌ನಿಂದ ಮೇ ನಡುವಿನವರೆಗೆ ನಮಗೂ ಅಷ್ಟೇ ಬಿಸಿಲು ಧಾರಾಳ.

ಮಾಡುವುದು ಹೀಗೆ. ತಾರಸಿಯ ಮೇಲೆ ಒಂದು ಹಳೇ ಪ್ಲಾಸ್ಟಿಕ್ ಹಾಸಿ. ಅದರ ಮೇಲೆ ಮಣ್ಣನ್ನು ಒಂದು ಗೇಣಿಗಿಂತ ಕಡಿಮೆ ದಪ್ಪಕ್ಕೆ ಹರಡಿ. ನೀರು ಹಾಕಿ ಚೆನ್ನಾಗಿ ಹಸಿ ಮಾಡಿ. ಒಣ ಮಣ್ಣಿಗೆ ಶಾಖ ಇಳಿಯುವುದಿಲ್ಲ. ಮೇಲೆ ತೆಳ್ಳನೆಯ, ಆಚೆಗೆ ಕಾಣುವಂಥ ಬಿಳೀ ಪಾರದರ್ಶಕ ಹಾಳೆ ಹೊದಿಸಿ. ಕಪ್ಪು ಹಾಳೆ ತಾನೇ ಬಿಸಿಯಾಗುತ್ತದೆ, ಮಣ್ಣಿಗೆ ಅಷ್ಟು ಬಿಸಿ ಕೊಡುವುದಿಲ್ಲ. ಸುತ್ತಲೂ ಇಟ್ಟಿಗೆ ಜೋಡಿಸಿ, ಗಾಳಿ ಆಡದಂತೆ ಮುಚ್ಚಿ. ನಾಲ್ಕರಿಂದ ಆರು ವಾರ ಹಾಗೇ ಇರಲಿ. ತೂತು ಬಿದ್ದರೆ ಅಂಟು ಪಟ್ಟಿ ಹಚ್ಚಿ. ಒಳಗೆ 45-50 ಡಿಗ್ರಿಯವರೆಗೆ ಬಿಸಿ ಏರುತ್ತದೆ. ಜಂತುಹುಳು, ಕಳೆಯ ಬೀಜ, ಎಷ್ಟೋ ಶಿಲೀಂಧ್ರ ಅದರಲ್ಲಿ ಸಾಯುತ್ತವೆ.

ತೆಗೆದ ಮೇಲೆ ಈ ಮಣ್ಣು ಬಾಣಂತಿಯ ಹಾಗೆ. ಅದರೊಳಗಿದ್ದ ಒಳ್ಳೆಯ ಜೀವಗಳೂ ಸೊರಗಿರುತ್ತವೆ. ಮೇಲೆ ಹೇಳಿದಂತೆ ಗೊಬ್ಬರ, ಬೇವಿನ ಹಿಂಡಿ ಸೇರಿಸಿ ಬಲ ಕೊಡಬೇಕು. ಸಿಕ್ಕರೆ ಟ್ರೈಕೋಡರ್ಮ ಎಂಬ ಒಳ್ಳೆಯ ಶಿಲೀಂಧ್ರದ ಪುಡಿಯನ್ನು, 10 ಕಿಲೋ ಗೊಬ್ಬರಕ್ಕೆ 100 ಗ್ರಾಂನಂತೆ, ಹಸಿ ಗೊಬ್ಬರದಲ್ಲಿ ಕಲಸಿ ಒಂದು ವಾರ ನೆರಳಿನಲ್ಲಿಟ್ಟು ಸೇರಿಸಿ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದರೆ ಸಿಗುವ ಕಡೆ ಹೇಳುತ್ತಾರೆ.

ಮೊದಲ ಬೆಳೆಯಾಗಿ ಚೆಂಡು ಹೂವನ್ನೇ ಒತ್ತಾಗಿ ಹಾಕಿ, ಎರಡು ಮೂರು ತಿಂಗಳು ಇರಲಿ. ಅದರ ಬೇರಿನ ರಸ ಜಂತುಹುಳುವಿಗೆ ಆಗುವುದಿಲ್ಲ. ಬಾಗಿಲಿಗೆ ತೋರಣ, ಮಣ್ಣಿಗೆ ಮದ್ದು, ಎರಡೂ ಆಯಿತು.

ಹಾಲಿನ ಎಳೆ ಕಂಡ ದುಂಡಾಣು ಸೊರಗಿನ ಮಣ್ಣಿಗೆ ಮಾತ್ರ ಬಿಸಿಲನ್ನು ಪೂರಾ ನಂಬಬೇಡಿ. ಬಿಸಿಲು ಕೊಟ್ಟ ಮೇಲೂ ಮೂರು ವರ್ಷ ಅದರಲ್ಲಿ ಟೊಮೇಟೋ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೇಡ, ಶುಂಠಿಯೂ ಬೇಡ. ಸೊಪ್ಪು ಬೆಳೆದುಕೊಳ್ಳಿ, ಇಲ್ಲವೇ ತರಕಾರಿ ಬೆಳೆಯದ ಕಡೆ, ತೆಂಗಿನ ಬುಡಕ್ಕೆ, ಹಾಕಿಬಿಡಿ. ಟೊಮೇಟೋ ಬೇಕೇ ಬೇಕು ಎನ್ನುವವರಿಗೆ ಹೊಸ ಮಣ್ಣು, ಜೊತೆಗೆ ರೋಗ ತಡೆಯುವ ತಳಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ರಕ್ಷಕ್ ಟೊಮೇಟೋ, ಅರ್ಕ ಕೇಶವ್ ಬದನೆ ಈ ಸೊರಗು ರೋಗವನ್ನು ತಡೆದುಕೊಳ್ಳುತ್ತವೆ.

ಯಾವುದರ ಹಿಂದೆ ಯಾವುದು?

ದಿನಾ ಒಂದೇ ಸಾರು ಮಾಡಿದರೆ ಮನೆಯವರು ಬೇಸರ ಮಾಡಿಕೊಳ್ಳುತ್ತಾರೆ. ಮಣ್ಣೂ ಹಾಗೆಯೇ. ಟೊಮೇಟೋ, ಬದನೆ, ಮೆಣಸಿನಕಾಯಿ, ದಪ್ಪ ಮೆಣಸಿನಕಾಯಿ, ಆಲೂಗಡ್ಡೆ ಎಲ್ಲಾ ಒಂದೇ ಕುಲದವು. ಒಂದರ ಹಿಂದೆ ಇನ್ನೊಂದು ಬೇಡ.

ಕಾಯಿ ಬೆಳೆ ಮುಗಿದ ಕುಂಡಕ್ಕೆ ಹುರುಳಿಕಾಯಿ ಅಥವಾ ಅಲಸಂದೆ ಹಾಕಿ. ಮುಗಿದಾಗ ಕೀಳಬೇಡಿ, ಬುಡಕ್ಕೆ ಕತ್ತರಿಸಿ. ಬೇರು ಮಣ್ಣಿನಲ್ಲೇ ಕೊಳೆತು ಸಾರಜನಕ ಬಿಡಲಿ. ಅದರ ಹಿಂದೆ ಮೆಂತ್ಯ, ದಂಟು, ಕೊತ್ತಂಬರಿ. ಆಮೇಲೆ ಮೂಲಂಗಿ. ಮತ್ತೆ ಟೊಮೇಟೋ. ಆದರೆ ಬೇರುಗಂಟು ಇದ್ದ ಮಣ್ಣಿಗೆ ಹುರುಳಿಕಾಯಿ ಬೇಡ, ಅದಕ್ಕೂ ಆ ಜಂತು ಹತ್ತುತ್ತದೆ. ಅಲ್ಲಿಗೆ ಚೆಂಡು ಹೂವೇ ಸರಿ.

ಮರೆಯದಿರಲು ಕುಂಡದ ಮೇಲೆ ಸುಣ್ಣದಲ್ಲಿ ಒಂದು ಅಕ್ಷರ ಬರೆಯಿರಿ. ನಮ್ಮ ಮನೆಯಲ್ಲಿ ‘ಟೊ’ ಎಂದು ಬರೆದ ಕುಂಡ ನೋಡಿ, “ಇದೇನು, ಗಿಡಕ್ಕೂ ನಾಮಕರಣವೋ?” ಎಂದು ನಮ್ಮ ಮನೆಯವರು ನಗುತ್ತಾರೆ. ನಗಲಿ ಬಿಡಿ.

ಇವು ಬೇಡ

ಹಸಿ ತರಕಾರಿ ಸಿಪ್ಪೆಯನ್ನು ನೇರ ಕುಂಡಕ್ಕೆ ತುಂಬಬೇಡಿ. ಅದು ಕೊಳೆಯುವಾಗ ಗಿಡದ ಬೇರಿಗೆ ತೊಂದರೆ, ಮೇಲೆ ನೊಣದ ಕಾಟ. ಒಂದು ಹಳೇ ಬಕೆಟ್ಟಿಗೆ ತೂತು ಮಾಡಿ, ಒಂದು ಪದರ ಸಿಪ್ಪೆ, ಒಂದು ಪದರ ಒಣ ಎಲೆ, ಮೇಲೆ ಒಂದು ಹಿಡಿ ಹಳೇ ಮಣ್ಣು ಹೀಗೆ ತುಂಬುತ್ತಾ ಬನ್ನಿ. ಹಳೇ ಮಣ್ಣು ವಾಸನೆ ತಡೆಯುತ್ತದೆ, ಕೊಳೆಸುವ ಜೀವಗಳನ್ನೂ ಕೊಡುತ್ತದೆ. ಎರಡು ಮೂರು ತಿಂಗಳಿಗೆ ಕಾಂಪೋಸ್ಟ್ ಕೈಗೆ ಬರುತ್ತದೆ. ಇದಕ್ಕೆ ಕಾಯಿಲೆಯ ಮಣ್ಣು ಮಾತ್ರ ಬೇಡ.

ಒಲೆಯ ಬೂದಿ ಒಳ್ಳೆಯದೇ, ಆದರೆ ಕುಂಡಕ್ಕೆ ಒಂದು ಚಮಚಕ್ಕಿಂತ ಹೆಚ್ಚು ಬೇಡ. ಗಡಸು ನೀರಿನ ಊರಿನವರು ಅದೂ ಹಾಕಬೇಡಿ, ಮಣ್ಣು ಈಗಾಗಲೇ ಕ್ಷಾರ. ಹಾಲು ಸಕ್ಕರೆ ಇರುವ ಕಾಫಿ ಟೀ ಚರಟವನ್ನು ತೊಳೆಯದೆ ಹಾಕಿದರೆ ಇರುವೆಗೆ ಆಮಂತ್ರಣ. ಹಸಿ ಮರದ ಹೊಟ್ಟು ಬೇಡ, ಅದು ಕೊಳೆಯಲು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತದೆ. ಹಸಿ ಸಗಣಿಯೂ ಬೇಡ, ಕಳಿಯಲಿ.

ಹಾಸನದ ಸೋದರಿಗೆ

ಈಗ ನಿಮ್ಮ ಹದಿನಾಲ್ಕು ಕುಂಡದ ಲೆಕ್ಕ ನೋಡೋಣ. ಮೂರು ವರ್ಷ ಅದೇ ಮಣ್ಣಿನಲ್ಲಿ ಟೊಮೇಟೋ, ಮೆಣಸಿನಕಾಯಿ ಬೆಳೆದಿದ್ದೀರಿ. ಮೊದಲು ಎಲ್ಲಾ ಕುಂಡದ ಬೇರು ತೊಳೆದು ನೋಡಿ, ಎರಡು ಗುಂಪು ಮಾಡಿ. ಗಂಟು ಇರುವುದನ್ನು ಇದೇ ವಾರ ಬಿಸಿಲಿಗೆ ಹಾಕಿಬಿಡಿ; ಈ ಬೇಸಿಗೆ ತಪ್ಪಿಸಿಕೊಂಡರೆ ಇನ್ನೊಂದು ವರ್ಷ ಕಾಯಬೇಕು. ಪಾರದರ್ಶಕ ಹಾಳೆಗೆ ದುಡ್ಡು ಬೇಡ. ಹೊಸ ಹಾಸಿಗೆ, ಫ್ರಿಜ್ ಬಂದ ಮನೆಗಳಲ್ಲಿ ಕೇಳಿದರೆ ಕೊಡುತ್ತಾರೆ. ಗಂಟಿಲ್ಲದ ಮಣ್ಣಿಗೆ ನೀವು ಕೊಳ್ಳಬೇಕಾದದ್ದು ಒಂದೇ, ಬೇವಿನ ಹಿಂಡಿ: ಹದಿನಾಲ್ಕು ಹಿಡಿ, ಮುಕ್ಕಾಲು ಕಿಲೋಕ್ಕಿಂತ ಕಡಿಮೆ. ಕಳಿತ ಗೊಬ್ಬರ ಹಸು ಸಾಕಿದವರ ಮನೆಯಲ್ಲಿ ಸಿಗುತ್ತದೆ. ಕಾಂಪೋಸ್ಟ್ ಬಕೆಟ್ಟನ್ನು ಇವತ್ತೇ ಶುರು ಮಾಡಿ, ಮುಂಗಾರಿಗೆ ಆಗುತ್ತದೆ.

ಮೊದಲ ಬೆಳೆಗೆ ಮೆಂತ್ಯ ಹಾಕಿ. ಬೀಜಕ್ಕೆ ಅಂಗಡಿಗೆ ಹೋಗಬೇಡಿ, ಒಗ್ಗರಣೆ ಡಬ್ಬಿಯ ಮೆಂತ್ಯವನ್ನೇ ರಾತ್ರಿ ನೆನೆಸಿ ಬಿತ್ತಿ. ಇಪ್ಪತ್ತೈದು ದಿನಕ್ಕೆ ಸೊಪ್ಪು ಕೈಗೆ ಬರುತ್ತದೆ. ಮಧ್ಯಾಹ್ನದ ಬಿಸಿಲು ಜೋರಾದರೆ ಹಳೇ ಸೀರೆಯ ನೆರಳು ಕಟ್ಟಿ. ಮೊದಲ ಕಟ್ಟು ಕಿತ್ತ ದಿನ ಮೆಂತ್ಯದ ಸೊಪ್ಪಿನ ರೊಟ್ಟಿ ತಟ್ಟಿ ಯಜಮಾನರಿಗೆ ಬಿಸಿ ಬಿಸಿ ಬಡಿಸಿ. ಕೆಲಸ ಹೋದ ಗಂಡಸಿಗೆ ಮನೆಯಲ್ಲಿ ಏನೋ ಒಂದು ಚಿಗುರುತ್ತಿದೆ ಎನ್ನುವುದೂ ಧೈರ್ಯವೇ. ಮಣ್ಣು ಮಗುಚುವಾಗ ಅವರನ್ನೂ ಕರೆಯಿರಿ, ಬಾಂಡಲಿ ಎತ್ತಲು ನಿಮ್ಮೊಬ್ಬರಿಂದ ಆಗುವ ಕೆಲಸವಲ್ಲ ಅದು. ಆಮೇಲೆ ಏನಾಯಿತು ಎಂದು ಒಂದು ಕಾಗದ ಹಾಕಿ, ಕಾಯುತ್ತಿರುತ್ತೇನೆ.

ನೀವು ಕೇಳಿದಿರಿ

ಕುಂಡದ ಹಳೇ ಮಣ್ಣಿನಲ್ಲಿ ಅಣಬೆ ಎದ್ದಿದೆ. ಗಿಡಕ್ಕೆ ತೊಂದರೆಯೇ?
ಇಲ್ಲ. ಗೊಬ್ಬರ ಕೊಳೆಯುತ್ತಿದೆ ಎಂದರ್ಥ. ಕಿತ್ತು ಹಾಕಿ, ನೀರು ಸ್ವಲ್ಪ ಕಡಿಮೆ ಮಾಡಿ. ತಿನ್ನಲು ಮಾತ್ರ ಹೋಗಬೇಡಿ. ಮಕ್ಕಳಿರುವ ಮನೆಯಾದರೆ ಕಂಡ ಕೂಡಲೇ ತೆಗೆಯಿರಿ.

ಬರೀ ತೆಂಗಿನ ನಾರಿನ ಪುಡಿ ತುಂಬಿದ ಕುಂಡ ಇದೆ. ಮತ್ತೆ ಬಳಸಬಹುದೇ?
ಧಾರಾಳವಾಗಿ. ನಾರಿನ ಪುಡಿ ಬೇಗ ಕೊಳೆಯುವುದಿಲ್ಲ. ನೀರಿನಲ್ಲಿ ಎರಡು ಸಲ ತೊಳೆದು ಹಿಂಡಿ, ಬಿಸಿಲಿಗೆ ಒಣಗಿಸಿ. ಅದರಲ್ಲಿ ಸ್ವಂತ ಸತ್ವ ಬಹಳ ಕಡಿಮೆ, ಗೊಬ್ಬರ ಸೇರಿಸಲೇಬೇಕು.

ಕರಿಬೇವಿನ ಗಿಡ ಕುಂಡದಲ್ಲಿದೆ. ಮಣ್ಣು ಪೂರ್ತಿ ಬದಲಿಸಲೇ?
ಈ ಬಿಸಿಲಿನಲ್ಲಿ ಬೇರು ಮುಟ್ಟಬೇಡಿ. ಮೇಲಿನ ಎರಡು ಅಂಗುಲ ಮಣ್ಣು ಮೆಲ್ಲಗೆ ಕೆದಕಿ ತೆಗೆದು, ಅಷ್ಟೇ ಹೊಸ ಗೊಬ್ಬರದ ಮಣ್ಣು ತುಂಬಿ. ಪೂರ್ತಿ ಬದಲಿಸುವುದಿದ್ದರೆ ಮುಂಗಾರು ಹತ್ತಿದ ಮೇಲೆ. ತುಂಬುವ ಮಣ್ಣು ಯಾವ ಕುಂಡದ್ದು ಎಂದು ಮಾತ್ರ ಕೇಳಿಕೊಳ್ಳಿ!

ಮುಂದಿನ ಸಂಚಿಕೆಯಲ್ಲಿ, ಬೇಸಿಗೆಗೆ ಊರಿಗೆ ಹೋಗುವಾಗ ಹತ್ತು ದಿನ ಕುಂಡಗಳಿಗೆ ನೀರು ಒದಗಿಸುವ ಉಪಾಯಗಳು. ನಿಮ್ಮ ನಿಮ್ಮ ಮನೆಯ ಯುಕ್ತಿಗಳನ್ನು ಬರೆದು ಕಳಿಸಿ.

ಯುಗಾದಿಯ ಬೇವು ಬೆಲ್ಲ ನಿಮಗೆಲ್ಲ ಒಳ್ಳೆಯದು ಮಾಡಲಿ. ಬೇವಿನ ಹಿಂಡಿ ಮಣ್ಣಿಗೂ ಒಳ್ಳೆಯದು ಮಾಡಲಿ.

ಇತಿ ನಿಮ್ಮ,
ಅಂಗಳದ ಅಕ್ಕ